ಕೊಲೆಸ್ಟರಾಲ್‌ನ ಸಂತತಿ: ಕಾಯುವವರಾರು, ಕಾಡುವವರಾರು?

ನಿಪ್ಪಾಣಿಯಿಂದ ಕೊಲ್ಹಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಗಡಿ ದಾಟುವ ಮುನ್ನ ಸಿಗುವ ಊರು ಕೊಗನೊಳ್ಳಿ. ಈ ಭಾಗದಿಂದ ನನ್ನ ದವಾಖಾನೆಗೆ ಬರುವವರಲ್ಲಿ ಹೊಗೆಸೊಪ್ಪು ಬೆಳೆದವರಿದ್ದಾರೆ, ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರಿದ್ದಾರೆ, ಕಬ್ಬು ಕಡಿಯುವವರಿದ್ದಾರೆ. ಕೆಲವು ತಿಂಗಳ ಹಿಂದೆ ಹೀಗೆಯೇ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರು. ಆಕೆಗೆ ಐವತ್ತರ ಮೇಲೆ ಒಂದೆರಡು ವರ್ಷ, ಆತನಿಗೆ ಅರವತ್ತು.

ಆಕೆಗೆ ಎರಡು ವರ್ಷದ ಹಿಂದೆ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಬೇಕೆಂದು ಅಲ್ಲಿಯ ತಜ್ಞರು ಬರೆದುಕೊಟ್ಟಿದ್ದರು. ಆಕೆ ಕೈಯಲ್ಲಿದ್ದ ರಕ್ತಪರೀಕ್ಷೆಯ ಚೀಟಿಯನ್ನು ಮೇಜಿನ ಮೇಲಿಟ್ಟು ಹೇಳಿದರು: "ಸಾಹೇಬ್ರ, ಮೈಯಾಗ ಕೊಲೆಸ್ಟರಾಲ್ ಭಾಳ ಆಗೇತಂತ್ರಿ. ಅದರಿಂದನ ಕ್ಯಾನ್ಸರ್ ತಿರುಗಿ ಬರತೈತಂತ ಮಂದಿ ಹೇಳ್ಯಾರ. ಹಾಲು, ತುಪ್ಪ, ಶೇಂಗಾ ಎಲ್ಲಾ ಬಿಟ್ಟೀನಿ. ಆ ಗುಳಗಿಯಿಂದನ ಇದು ಏರಿರಬೇಕಂತ ಅದನ್ನೂ ಬಿಟ್ಟು ಮೂರು ತಿಂಗಳಾತ್ರಿ."

ಗಂಡನನ್ನು ವಿಚಾರಿಸಿದೆ. "ನಂದೇನೂ ಇಲ್ರಿ. ಮಣಕಾಲ ನೋವಿತ್ತು. ಪೊಟ್ಣದಾಗ ಸಣ್ಣ ಬಿಳಿ ಗುಳಗಿ ಕೊಡತಾರ. ಅದನ್ನ ತೊಗೊಂಡಮ್ಯಾಲ ಹುಡುಗನಂಗ ಆಗೀನಿ. ಹಸಿವಿ ಛಲೋ ಐತಿ, ಮುಖಾನೂ ತುಂಬಿಕೊಂಡೈತಿ. ಒಂದ ತಿಂಗಳಾತು, ಕೆಮ್ಮು ಅಷ್ಟ ಹೋಗವಲ್ದು."

ಓದುಗರೇ, ಈ ಒಂದೇ ಮನೆಯ ಎರಡು ಗುಳಿಗೆಗಳಿಗೆ ಒಂದು ನಂಟಿದೆ. ಹೆಂಡತಿ ಬಿಟ್ಟಿದ್ದ ಗುಳಿಗೆ, ಕೊಲೆಸ್ಟರಾಲ್‌ನಿಂದ ಹುಟ್ಟುವ ಒಂದು ಹಾರ್ಮೋನಿಗೆ ಅಡ್ಡ ನಿಲ್ಲುವಂಥದು. ಗಂಡ ನುಂಗುತ್ತಿದ್ದ ಗುಳಿಗೆ, ಕೊಲೆಸ್ಟರಾಲ್‌ನಿಂದ ಹುಟ್ಟುವ ಮತ್ತೊಂದು ಹಾರ್ಮೋನಿನ ನಕಲು. ಬಿಡಬಾರದ್ದನ್ನು ಆಕೆ ಬಿಟ್ಟಿದ್ದರು, ನುಂಗಬಾರದ್ದನ್ನು ಈತ ನುಂಗುತ್ತಿದ್ದರು. ಇಬ್ಬರೂ ಬೈಯುತ್ತಿದ್ದುದು ಮಾತ್ರ ಕೊಲೆಸ್ಟರಾಲನ್ನು!

ಕೊಲೆಸ್ಟರಾಲ್ ಎಂದರೇನು?

ಕೊಲೆಸ್ಟರಾಲ್ ಎಂಬುದು ಹೊರಗಿನಿಂದ ಬಂದು ಸೇರುವ ವಿಷವಲ್ಲ. ಅದು ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ಮೇಣದಂತಹ ವಸ್ತು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಅದಕ್ಕೇ ಗ್ರೀಕ್ ಭಾಷೆಯಲ್ಲಿ 'ಪಿತ್ತ' ಮತ್ತು 'ಗಟ್ಟಿ' ಎಂಬ ಅರ್ಥದ ಪದಗಳಿಂದ ಈ ಹೆಸರು ಬಂತು. ವಯಸ್ಕರ ದೇಹದಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಗ್ರಾಮಿನಷ್ಟು ಕೊಲೆಸ್ಟರಾಲ್ ತಯಾರಾಗುತ್ತದೆ. ಆಹಾರದಿಂದ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.

ಹಾಲು, ತುಪ್ಪ, ಮೊಟ್ಟೆ, ಮಾಂಸ ಇವುಗಳಲ್ಲಿ ಕೊಲೆಸ್ಟರಾಲ್ ಇರುತ್ತದೆ. ಶೇಂಗಾ, ಕುಸುಬೆ, ಕೊಬ್ಬರಿಯಂತಹ ಸಸ್ಯಮೂಲದ ಪದಾರ್ಥಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆಯ ಡಬ್ಬಿಯ ಮೇಲೆ 'ಕೊಲೆಸ್ಟರಾಲ್ ರಹಿತ' ಎಂದು ದೊಡ್ಡದಾಗಿ ಅಚ್ಚು ಹಾಕಿದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮ ಆ ತಾಯಿ ಶೇಂಗಾ ಬಿಟ್ಟದ್ದರಿಂದ ಅವರ ಕೊಲೆಸ್ಟರಾಲ್ ಇಳಿಯಲಿಲ್ಲ, ಊಟದ ರುಚಿ ಮಾತ್ರ ಹೋಯಿತು.

ರಕ್ತದಲ್ಲಿ ಕೊಲೆಸ್ಟರಾಲ್, ಅದರಲ್ಲೂ ಎಲ್.ಡಿ.ಎಲ್. ಎಂಬ ಬಗೆಯದು ಅತಿಯಾದರೆ ಹೃದಯದ ಮತ್ತು ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ ಎಂಬುದು ನಿಜ. ಅದನ್ನು ಹತೋಟಿಯಲ್ಲಿ ಇಡಲೇಬೇಕು. ಆದರೆ ಕೊಲೆಸ್ಟರಾಲ್ ಇಲ್ಲದೆ ಒಂದು ಜೀವಕೋಶವೂ ನಿಲ್ಲಲಾರದು. ಕೋಶದ ಹೊರಪೊರೆಗೆ ಬಿಗಿ ಕೊಡುವುದೇ ಅದು.

ಒಂದು ಕಬ್ಬು, ಹಲವು ಪದಾರ್ಥ

ನಮ್ಮ ಭಾಗದವರಿಗೆ ಕಬ್ಬಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಗಾಣಕ್ಕೆ ಹೋದರೆ ಕಬ್ಬು ಬೆಲ್ಲವಾಗುತ್ತದೆ. ಕಾರ್ಖಾನೆಗೆ ಹೋದರೆ ಸಕ್ಕರೆಯಾಗುತ್ತದೆ, ಕಾಕಂಬಿಯೂ ಉಳಿಯುತ್ತದೆ. ಕಾಕಂಬಿಯಿಂದ ಸ್ಪಿರಿಟ್ ತೆಗೆಯುತ್ತಾರೆ. ಅದು ದವಾಖಾನೆಯಲ್ಲಿ ಸೂಜಿ ಚುಚ್ಚುವ ಮುನ್ನ ಚರ್ಮ ಒರೆಸಲೂ ಬೇಕು, ಸಾರಾಯಿಯಾಗಿ ಮನೆ ಹಾಳು ಮಾಡಲೂ ಸಾಕು. ಊರಲ್ಲಿ ಕುಡಿತ ಹೆಚ್ಚಿತೆಂದು ಯಾರಾದರೂ ಕಬ್ಬಿನ ಗದ್ದೆಗೆ ಬೆಂಕಿ ಹಚ್ಚುತ್ತಾರೆಯೇ?

ಕೊಲೆಸ್ಟರಾಲ್ ಸಹ ಹಾಗೆಯೇ ಒಂದು ಕಚ್ಚಾ ಸಾಮಗ್ರಿ. ಅದರ ಒಂದೊಂದು ಕಣದಲ್ಲಿ 27 ಇಂಗಾಲದ ಅಣುಗಳಿವೆ. ಯಕೃತ್ತು ಅದನ್ನು ಕತ್ತರಿಸಿ 24 ಇಂಗಾಲದ ಪಿತ್ತಾಮ್ಲಗಳನ್ನು ಮಾಡುತ್ತದೆ. ತಿಂದ ಜಿಡ್ಡು ಅರಗಲು ಇವು ಬೇಕು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು 21 ಇಂಗಾಲದ ಕಾರ್ಟಿಸಾಲ್ ತಯಾರಿಸುತ್ತವೆ. ಗಂಡಸಿನ ವೃಷಣಗಳು 19 ಇಂಗಾಲದ ಟೆಸ್ಟೋಸ್ಟಿರೋನನ್ನೂ, ಹೆಂಗಸಿನ ಅಂಡಾಶಯಗಳು 18 ಇಂಗಾಲದ ಈಸ್ಟ್ರೋಜೆನನ್ನೂ ಮಾಡುತ್ತವೆ. ಕೊಲೆಸ್ಟರಾಲ್ ಆಗುವ ಒಂದು ಹೆಜ್ಜೆ ಮೊದಲಿನ ವಸ್ತುವಿನ ಮೇಲೆ ಬಿಸಿಲು ಬಿದ್ದರೆ ನಮ್ಮ ಚರ್ಮದಲ್ಲಿ ವಿಟಮಿನ್ 'ಡಿ' ಹುಟ್ಟುತ್ತದೆ.

ಇವೆಲ್ಲ ಒಂದೇ ವಂಶದವು, ಆದರೆ ಗುಣ ಬೇರೆ ಬೇರೆ. ಒಂದು ಕೋಶಕ್ಕೆ 'ಬೆಳೆ' ಎನ್ನುತ್ತದೆ, ಒಂದು 'ಸಾಕು' ಎನ್ನುತ್ತದೆ, ಒಂದು 'ಹೋರಾಡು' ಎನ್ನುತ್ತದೆ, ಇನ್ನೊಂದು 'ಸುಮ್ಮನಿರು' ಎನ್ನುತ್ತದೆ. ಕ್ಯಾನ್ಸರ್ ಎಂದರೆ ಕೋಶಗಳು ಅಂಕೆ ಮೀರಿ ಬೆಳೆಯುವುದು. ರೋಗನಿರೋಧಕ ಶಕ್ತಿ ಎಂದರೆ ಹೋರಾಡುವ ಕೋಶಗಳ ಸೈನ್ಯ. ಹಾಗಾಗಿ ಈ ವಂಶಕ್ಕೂ ಈ ಎರಡು ವಿಷಯಗಳಿಗೂ ಸಂಬಂಧ ಇರುವುದು ಸಹಜ.

'ಬೆಳೆ' ಎನ್ನುವ ಹಾರ್ಮೋನುಗಳು

1896ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಸ್ತನದ ಕ್ಯಾನ್ಸರ್ ಹರಡಿದ್ದ ಹೆಂಗಸಿನ ಅಂಡಾಶಯಗಳನ್ನು ತೆಗೆದುಹಾಕಿದಾಗ ಗಡ್ಡೆ ಕರಗಿದ್ದನ್ನು ವರದಿ ಮಾಡಿದರು. ಈಸ್ಟ್ರೋಜೆನ್ ಎಂಬ ಹೆಸರೂ ಆಗ ಹುಟ್ಟಿರಲಿಲ್ಲ. 1941ರಲ್ಲಿ ಅಮೆರಿಕದ ಚಾರ್ಲ್ಸ್ ಹಗ್ಗಿನ್ಸ್, ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಟೆಸ್ಟೋಸ್ಟಿರೋನನ್ನು ಆಶ್ರಯಿಸಿ ಬೆಳೆಯುತ್ತದೆಂದು ತೋರಿಸಿದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಸ್ತನದ ಗಡ್ಡೆ ತೆಗೆದ ಮೇಲೆ ಅದರ ತುಣುಕನ್ನು ಪರೀಕ್ಷಿಸಿ, ಕೋಶಗಳಲ್ಲಿ ಈಸ್ಟ್ರೋಜೆನ್ ಗ್ರಾಹಕ ಇದೆಯೇ ಎಂದು ನೋಡುತ್ತಾರೆ. ಗ್ರಾಹಕವೆಂದರೆ ಬೀಗ, ಈಸ್ಟ್ರೋಜೆನ್ ಅದರ ಕೀಲಿಕೈ. ಕೀಲಿ ತಿರುಗಿದರೆ ಕೋಶ ಬೆಳೆಯುತ್ತದೆ. ನಮ್ಮ ತಾಯಿಗೆ ಕೊಟ್ಟಿದ್ದ ಟ್ಯಾಮಾಕ್ಸಿಫೆನ್ ಗುಳಿಗೆ ಆ ಬೀಗದೊಳಗೆ ಸೇರಿ ಕೀಲಿ ತಿರುಗದಂತೆ ಮಾಡುತ್ತದೆ. ಇಂತಹ ಗಡ್ಡೆ ಇದ್ದವರು ಐದು ವರ್ಷ ಬಿಡದೆ ಇದನ್ನು ನುಂಗಿದರೆ, ಆ ಅವಧಿಯಲ್ಲಿ ರೋಗ ಮರುಕಳಿಸುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊದಲ ಹದಿನೈದು ವರ್ಷಗಳಲ್ಲಿ ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಮಾತಿದು. ಇನ್ನೊಂದು ಸಂಗತಿ ಕೇಳಿ: ಟ್ಯಾಮಾಕ್ಸಿಫೆನ್ ರಕ್ತದ ಎಲ್.ಡಿ.ಎಲ್. ಅನ್ನು ಏರಿಸುವುದಿಲ್ಲ, ತುಸು ಇಳಿಸುತ್ತದೆ. ಮಂದಿಯ ಮಾತು ನೇರ ತಲೆಕೆಳಗಾಗಿತ್ತು.

ಹಾಗಾದರೆ ಕೊಲೆಸ್ಟರಾಲ್ ಹೆಚ್ಚಿದ್ದರೆ ಕ್ಯಾನ್ಸರಿಗೆ ಏನೂ ಸಂಬಂಧವಿಲ್ಲವೇ? ಇಲ್ಲಿ ಒಂದು ಹೊಸ ಸಂಗತಿ ಇದೆ. ಕೊಲೆಸ್ಟರಾಲ್‌ಗೆ ಆಮ್ಲಜನಕದ ಒಂದು ಕೊಂಡಿ ಸೇರಿದಾಗ 27-ಹೈಡ್ರಾಕ್ಸಿ ಕೊಲೆಸ್ಟರಾಲ್ ಎಂಬ ವಸ್ತುವಾಗುತ್ತದೆ. ಇದು ಈಸ್ಟ್ರೋಜೆನ್ ಅಲ್ಲದಿದ್ದರೂ ಕಳ್ಳಕೀಲಿಯಂತೆ ಅದೇ ಬೀಗವನ್ನು ತಿರುಗಿಸಬಲ್ಲದು. 2013ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು, ಇಲಿಗಳಲ್ಲಿ ಈ ವಸ್ತು ಸ್ತನದ ಗಡ್ಡೆಯ ಬೆಳವಣಿಗೆಗೂ ಹರಡುವಿಕೆಗೂ ಇಂಬು ಕೊಡುತ್ತದೆಂದು ತೋರಿಸಿದರು. ಇದು ಇಲಿಗಳಲ್ಲಿ ಕಂಡದ್ದು ಎಂಬುದನ್ನು ಮರೆಯಬಾರದು. ಇದರ ಆಧಾರದಲ್ಲಿ ಹಾಲು ತುಪ್ಪ ಬಿಟ್ಟರೆ ಮನುಷ್ಯರಲ್ಲಿ ಕ್ಯಾನ್ಸರ್ ನಿಲ್ಲುತ್ತದೆ ಎಂದು ಹೇಳಲಾಗದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದ ಸಾವಿರಾರು ಜನರನ್ನು ಗಮನಿಸಿದಾಗ, ಅವರಿಗೆ ಕ್ಯಾನ್ಸರ್ ಬರುವುದು ಹೆಚ್ಚಲೂ ಇಲ್ಲ, ಕಡಿಮೆಯೂ ಆಗಲಿಲ್ಲ. ಆ ಗುಳಿಗೆ ಹೃದಯಕ್ಕಾಗಿ ಇರುವುದು. ಹೃದಯಕ್ಕಾಗಿ ಕೊಟ್ಟಿದ್ದರೆ ಕ್ಯಾನ್ಸರಿನ ಭಯದಿಂದ ಬಿಡಬೇಡಿ.

ಬೊಜ್ಜಿನ ಮಾತು ಬೇರೆ. ಮುಟ್ಟು ನಿಂತ ಮೇಲೆ ಅಂಡಾಶಯಗಳು ಸುಮ್ಮನಾದರೂ ಮೈಯ ಕೊಬ್ಬು ಈಸ್ಟ್ರೋಜೆನ್ ತಯಾರಿಸುತ್ತಲೇ ಇರುತ್ತದೆ. ಆದ್ದರಿಂದ ಆ ವಯಸ್ಸಿನಲ್ಲಿ ಮೈ ಬಹಳ ಬೆಳೆದ ಹೆಂಗಸರಿಗೆ ಸ್ತನದ ಕ್ಯಾನ್ಸರಿನ ಸಂಭವ ಹೆಚ್ಚು.

ವೈರಸ್ಸಿಗೆ ಬಾಗಿಲು ಮುಚ್ಚುವ ತಮ್ಮ

ಈ 27ನೆಯದಕ್ಕೆ ಒಬ್ಬ ತಮ್ಮನಿದ್ದಾನೆ: 25-ಹೈಡ್ರಾಕ್ಸಿ ಕೊಲೆಸ್ಟರಾಲ್. ಆಮ್ಲಜನಕ ಸೇರುವ ಜಾಗವಷ್ಟೇ ಬೇರೆ, ಗುಣವೋ ಪೂರ್ತಿ ಬೇರೆ. ಮೈಗೆ ವೈರಸ್ ಹೊಕ್ಕಾಗ ನಮ್ಮ ಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಗಂಟೆ ಬಾರಿಸುತ್ತವೆ. ಆಗ ಈ ವಸ್ತು ತಯಾರಾಗುತ್ತದೆ. ಅದು ಕೋಶದ ಹೊರಪೊರೆಯಲ್ಲಿ ಸಡಿಲವಾಗಿರುವ ಕೊಲೆಸ್ಟರಾಲನ್ನು ಒಳಗೆ ಸರಿಸಿಬಿಡುತ್ತದೆ. ಆ ಕೊಲೆಸ್ಟರಾಲ್ ಇಲ್ಲದಿದ್ದರೆ ಅನೇಕ ವೈರಸ್ಸುಗಳಿಗೆ ಪೊರೆಯೊಡನೆ ಬೆಸೆದು ಒಳನುಗ್ಗಲಾಗದು. 2013ರಲ್ಲಿ ಈ ಗುಟ್ಟು ಹೊರಬಂತು. 2020ರಲ್ಲಿ ಕೊರೊನಾ ವೈರಸ್ಸನ್ನೂ ಇದು ತಡೆಯಬಲ್ಲದೆಂದು ಪ್ರಯೋಗಾಲಯದ ಕೋಶಗಳಲ್ಲಿ ಕಂಡುಬಂತು. ಇದನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ, ಕೊಳ್ಳುವ ಅಗತ್ಯವೂ ಇಲ್ಲ. ನೀವು ನೆಗಡಿಯಾಗಿ ಮಲಗಿದಾಗ ನಿಮ್ಮ ಮೈ ತಾನಾಗಿಯೇ ಇದನ್ನು ಮಾಡಿಕೊಳ್ಳುತ್ತಿರುತ್ತದೆ.

ಬಿಸಿಲಿನ ವಿಟಮಿನ್

1903ರಲ್ಲಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು, ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಮಾಡಿದ್ದಕ್ಕೆ. ನೂರು ವರ್ಷಗಳ ನಂತರ, 2006ರಲ್ಲಿ, ವಿಟಮಿನ್ 'ಡಿ' ನಮ್ಮ ಬಿಳಿ ರಕ್ತಕೋಶಗಳಿಗೆ ಕ್ಷಯದ ಸೂಕ್ಷ್ಮಾಣುವನ್ನು ಕೊಲ್ಲುವ ಒಂದು ಅಸ್ತ್ರವನ್ನು ತಯಾರಿಸಲು ನೆರವಾಗುತ್ತದೆಂದು ಗೊತ್ತಾಯಿತು. ಇಡೀ ದಿನ ಮನೆಯೊಳಗೆ ಕೂತು ಬೀಡಿ ಕಟ್ಟುವ ಹೆಂಗಸರ ಮೈಗೆ ಬಿಸಿಲು ಬೀಳುವುದೇ ಅಪರೂಪ. ಮೈಕೈ ನೋವು, ಎಲುಬಿನ ನೋವು ಎಂದು ಬರುವವರಲ್ಲಿ ಹಲವರಿಗೆ ಈ ವಿಟಮಿನ್ ಕಡಿಮೆ ಇರುವುದನ್ನು ನಾನು ನೋಡುತ್ತಿದ್ದೇನೆ.

ಕೊರತೆ ಇದ್ದವರಿಗೆ ಔಷಧ ಕೊಡಲೇಬೇಕು. ಕೊರತೆ ಇಲ್ಲದವರು ಕ್ಯಾನ್ಸರ್ ಬಾರದಿರಲೆಂದು ನುಂಗಿದರೆ? ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ವರ್ಷಗಟ್ಟಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ 2000 ಯುನಿಟ್ ವಿಟಮಿನ್ 'ಡಿ' ತೆಗೆದುಕೊಂಡವರಿಗೂ ಸುಳ್ಳು ಗುಳಿಗೆ ತೆಗೆದುಕೊಂಡವರಿಗೂ ಕ್ಯಾನ್ಸರ್ ಬಂದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ವಾರಕ್ಕೊಮ್ಮೆ ತೆಗೆದುಕೊಳ್ಳುವ 60 ಸಾವಿರ ಯುನಿಟ್ಟಿನ ಔಷಧವನ್ನು ಡಾಕ್ಟರು ಎಂಟು ವಾರಕ್ಕೆ ಬರೆದರೆ, ಅದೇ ಚೀಟಿ ತೋರಿಸಿ ವರ್ಷವಿಡೀ ಕೊಳ್ಳುವವರಿದ್ದಾರೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಕಡೆಗೆ ಮೂತ್ರಪಿಂಡಕ್ಕೇ ಹಾನಿ.

'ಸುಮ್ಮನಿರು' ಎನ್ನುವ ಹಾರ್ಮೋನು

ಈಗ ಗಂಡನ ಬಿಳಿ ಗುಳಿಗೆಗೆ ಬರೋಣ. ಅದು ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್‌ನ ನಕಲು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ರೋಗಿಗೆ ಕಾರ್ಟಿಸೋನ್ ಚುಚ್ಚಿದಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. 1950ರಲ್ಲಿ ಅವರಿಗೂ ಅವರ ಸಂಗಡಿಗರಿಗೂ ನೊಬೆಲ್ ಬಂತು. ಪವಾಡವೆಂದೇ ಜನ ಕೊಂಡಾಡಿದರು. ಅದರ ಬೆಲೆ ಏನೆಂಬುದು ನಂತರ ತಿಳಿಯಿತು.

ಸ್ಟೀರಾಯ್ಡ್ ನೋವನ್ನು ಗುಣಪಡಿಸುವುದಿಲ್ಲ, ರೋಗನಿರೋಧಕ ಸೈನ್ಯಕ್ಕೆ 'ಸುಮ್ಮನಿರು' ಎಂದು ಹೇಳಿ ಊತ ಇಳಿಸುತ್ತದೆ. ಸೈನ್ಯ ಮಲಗಿದರೆ ಶತ್ರುವಿಗೆ ಹಬ್ಬ. ನಮ್ಮ ದೇಶದಲ್ಲಿ ಬಹಳ ಜನರ ಶ್ವಾಸಕೋಶದಲ್ಲಿ ಕ್ಷಯದ ಸೂಕ್ಷ್ಮಾಣು ಮಲಗಿರುತ್ತದೆ. ಸ್ಟೀರಾಯ್ಡ್ ಅದನ್ನು ಎಬ್ಬಿಸುತ್ತದೆ. ತುಂಬಿದ ಮುಖ, ಹೆಚ್ಚಿದ ಹಸಿವು ಆರೋಗ್ಯದ ಲಕ್ಷಣಗಳಲ್ಲ, ಎಚ್ಚರಿಕೆಯ ಲಕ್ಷಣಗಳು. ಹಿಂದೆಯೇ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಟೊಳ್ಳಾದ ಎಲುಬು, ಕಣ್ಣಿನ ಪೊರೆ ಬರುತ್ತವೆ.

ಇದೇ ಔಷಧ ಸರಿಯಾದ ಕೈಯಲ್ಲಿ ಜೀವ ಉಳಿಸುತ್ತದೆ. 2020ರ ಜೂನಿನಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದರಲ್ಲಿ ಡೆಕ್ಸಾಮೆಥಾಸೋನ್, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೆಯ ಒಂದರಷ್ಟು, ಆಮ್ಲಜನಕ ಬೇಕಾದವರ ಸಾವನ್ನು ಐದನೆಯ ಒಂದರಷ್ಟು ತಗ್ಗಿಸಿತು. ಆಮ್ಲಜನಕ ಬೇಡವಾಗಿದ್ದವರಿಗೆ ಪ್ರಯೋಜನವೇ ಆಗಲಿಲ್ಲ. 2021ರಲ್ಲಿ ನಮ್ಮ ಕೊಗನೊಳ್ಳಿಯ ಚೆಕ್‌ಪೋಸ್ಟಿನಲ್ಲಿ ಮಹಾರಾಷ್ಟ್ರದಿಂದ ಬಂದವರ ಪರೀಕ್ಷಾ ಚೀಟಿ ನೋಡುತ್ತಿದ್ದ ದಿನಗಳು ನಿಮಗೆ ನೆನಪಿರಬಹುದು. ಆಗ ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರು ಅದೆಷ್ಟೋ ಜನ. ಅದೇ ವರ್ಷ ದೇಶದಲ್ಲೆಲ್ಲ ಕಪ್ಪು ಶಿಲೀಂಧ್ರ ರೋಗ ಹಬ್ಬಿ ಎಷ್ಟೋ ಜನ ಕಣ್ಣು, ಪ್ರಾಣ ಕಳೆದುಕೊಂಡರು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಮನಬಂದಂತೆ ಬಳಸಿದ ಸ್ಟೀರಾಯ್ಡ್ ಇದಕ್ಕೆ ಮುಖ್ಯ ಕಾರಣಗಳಾಗಿದ್ದವು.

ಕ್ಯಾನ್ಸರಿನಲ್ಲೂ ಇದಕ್ಕೆ ಎರಡು ಮುಖ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ಗಳು ಇಂದಿಗೂ ಮುಖ್ಯ ಔಷಧಗಳು, ಏಕೆಂದರೆ ಕೆಟ್ಟ ಬಿಳಿ ಕೋಶಗಳನ್ನು ಇವು ನೇರವಾಗಿ ಕೊಲ್ಲುತ್ತವೆ. ಆದರೆ ಕುತ್ತಿಗೆಯಲ್ಲಿ ಗಂಟು ಎದ್ದಾಗ ಪರೀಕ್ಷೆ ಮಾಡಿಸದೆ ಇವನ್ನು ನುಂಗಿದರೆ ಗಂಟು ತಾತ್ಕಾಲಿಕವಾಗಿ ಕರಗಿ, ಅದು ಯಾವ ರೋಗವೆಂದು ಕಂಡುಹಿಡಿಯುವುದೇ ಕಷ್ಟವಾಗುತ್ತದೆ.

ಇನ್ನೊಂದು ಮಾತು ಬಹಳ ಮುಖ್ಯ. ಇದನ್ನು ಓದಿ ಇಂದೇ ಸ್ಟೀರಾಯ್ಡ್ ನಿಲ್ಲಿಸಿಬಿಡಬೇಡಿ! ಪ್ರೆಡ್ನಿಸೊಲೋನಿನ 5 ಮಿಲಿಗ್ರಾಂ ಗುಳಿಗೆ, ದೇಹ ಒಂದು ದಿನದಲ್ಲಿ ತಯಾರಿಸುವ ಕಾರ್ಟಿಸಾಲ್‌ಗೆ ಸರಿಸುಮಾರು ಸಮ. ಹೊರಗಿನಿಂದ ಬರುತ್ತಿರುವಾಗ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿರುತ್ತವೆ. ಒಮ್ಮೆಲೇ ಬಿಟ್ಟರೆ ರಕ್ತದ ಒತ್ತಡ ಕುಸಿದು ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಡಾಕ್ಟರ ಕಣ್ಣೆದುರು ಹಂತಹಂತವಾಗಿ ಇಳಿಸಬೇಕು. ಇನ್ನು ದಮ್ಮಿನವರು ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರ್‌ನಲ್ಲಿ ಇರುವುದು ಬಹಳ ಸಣ್ಣ ಪ್ರಮಾಣ. ಅದನ್ನು ಹೆದರಿ ಬಿಡಬೇಡಿ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು.

ನಮ್ಮ ಭಾಗದ ನಿಜವಾದ ಶತ್ರು

ನಿಪ್ಪಾಣಿಯ ಸೀಮೆಯಲ್ಲಿ ಕುಳಿತು ಕ್ಯಾನ್ಸರಿನ ಬಗ್ಗೆ ಬರೆಯುವಾಗ ಒಂದು ಮಾತು ಹೇಳದೆ ಮುಗಿಸಲಾಗದು. ತುಪ್ಪದ ಬಟ್ಟಲಿಗೆ ಹೆದರುವ ನಾವು ಜೇಬಿನಲ್ಲಿರುವ ತಂಬಾಕಿನ ಚೀಲಕ್ಕೆ ಹೆದರುವುದಿಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರುಗಳಿಗೆ ತಂಬಾಕು ನೇರ ಕಾರಣ. ಹಲ್ಲಿಗೆ ಮಿಶ್ರಿ ತಿಕ್ಕುವುದೂ ತಂಬಾಕು ಸೇವನೆಯೇ. ಈ ಬೆಳೆಯಿಂದ ಬದುಕಿದ ಊರುಗಳಿಗೆ ಇದು ಕಹಿ ಮಾತು, ಆದರೆ ಡಾಕ್ಟರಾಗಿ ನಾನು ಬೇರೆ ಹೇಳಲಾರೆ.

ನೆನಪಿನಲ್ಲಿಡಬೇಕಾದ ಕೆಲವು ಅಂಶಗಳು:

* ಕೊಲೆಸ್ಟರಾಲ್ ಹೆಚ್ಚಿದ್ದರೆ ಹೃದಯದ ದೃಷ್ಟಿಯಿಂದ ಚಿಕಿತ್ಸೆ ಪಡೆಯಿರಿ. ಕರಿದದ್ದು, ವನಸ್ಪತಿ, ಅತಿಯಾದ ತುಪ್ಪ ಕಡಿಮೆ ಮಾಡಿ. ಜೋಳದ ರೊಟ್ಟಿ, ಕಾಳು, ಸೊಪ್ಪು ಹೆಚ್ಚಿಸಿ.
* ಕ್ಯಾನ್ಸರ್ ಚಿಕಿತ್ಸೆಯ ಗುಳಿಗೆಯನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಮುಟ್ಟು ನಿಂತವರಿಗೆ ರಕ್ತಸ್ರಾವ ಕಂಡರೆ, ಕಾಲು ಊದಿ ನೋವಾದರೆ ತಕ್ಷಣ ಅವರಿಗೆ ತೋರಿಸಿ.
* ಹೆಸರಿಲ್ಲದ ಪೊಟ್ಟಣದ ಗುಳಿಗೆ, 'ನೋವಿನ ಪುಡಿ' ಬೇಡ. ಕೂಡಲೇ ಪವಾಡದಂತೆ ಗುಣ ಕಂಡರೆ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಸಂಶಯಪಡಿ.
* ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧ ಎರಡೂ ಉಚಿತ.
* ಸ್ತನದಲ್ಲಿ ಗಂಟು, ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು ಕಂಡರೆ ನಾಚಿಕೆ, ಭಯ ಬಿಟ್ಟು ಬೇಗ ತೋರಿಸಿ.

ಆ ದಂಪತಿಗಳ ಕಥೆ ಮುಗಿಸುತ್ತೇನೆ. ಗಂಡನ ಕಫದಲ್ಲಿ ಕ್ಷಯದ ಸೂಕ್ಷ್ಮಾಣು ಸಿಕ್ಕಿತು. ಆರು ತಿಂಗಳ ಔಷಧ ಶುರುವಾಗಿದೆ, ಸ್ಟೀರಾಯ್ಡನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಿದ್ದೇವೆ. ಮಣಕಾಲ ನೋವು ತಿರುಗಿ ಬಂದಿದೆ, ಅದಕ್ಕೆ ವ್ಯಾಯಾಮ ಹೇಳಿಕೊಟ್ಟಿದ್ದೇನೆ. ಆಕೆಯನ್ನು ಮರುದಿನವೇ ಅವರ ಕ್ಯಾನ್ಸರ್ ತಜ್ಞರ ಬಳಿಗೆ ಕಳಿಸಿದೆ. ತಪಾಸಣೆ ಮಾಡಿ ಅದೇ ಗುಳಿಗೆಯನ್ನು ಮತ್ತೆ ಆರಂಭಿಸಿದ್ದಾರೆ. ಕಳೆದುಹೋದ ಆ ಮೂರು ತಿಂಗಳ ಬಗ್ಗೆ ನಾನು ಆಕೆಯೊಡನೆ ಹೆಚ್ಚು ಮಾತಾಡಲಿಲ್ಲ. ಕಳೆದ ಸಲ ಬಂದಾಗ ಕೇಳಿದರು: "ಹಂಗಾರ ಶೇಂಗಾ ಚಟ್ನಿ ತಿನಬಹುದೇನ್ರಿ?"

"ಧಾರಾಳ ತಿನ್ರಿ ತಾಯಿ," ಎಂದೆ. "ಗುಳಗಿ ಮಾತ್ರ ಮರೀಬ್ಯಾಡ್ರಿ."